ಮಡಿಕೇರಿ ಏರಿಗೆ ಕಲಿಯೋದು ಯಾವುದರಲ್ಲಿ: ಗೇರ್ ಕಾರಲ್ಲೋ, ಆಟೋಮ್ಯಾಟಿಕ್‌ನಲ್ಲೋ?

ಎಲ್‌ಬೋರ್ಡ್_ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಎಲ್‌ಎಲ್ (ಕಲಿಯೋರ ಲೈಸೆನ್ಸ್) ಕೈಗೆ ಬಂದಿದೆ, ಕಾರು ಇನ್ನೂ ತಗೊಂಡಿಲ್ಲ. ಮನೆ ಇರೋದು ಮಡಿಕೇರಿಯಲ್ಲಿ. ರಸ್ತೆಯಿಂದ ಗೇಟಿಗೆ ನೆಟ್ಟಗೆ ಏರು, ಗೇಟಿನ ಹತ್ತಿರವೇ ಎಡಕ್ಕೆ ತಿರುಗಬೇಕು. ದಿನಾ ಓಡಾಟ ಸುಂಟಿಕೊಪ್ಪಕ್ಕೆ, ತಿಂಗಳಿಗೆ ಒಂದೆರಡು ಸಲ ಸಂಪಾಜೆ ಘಾಟಿ ಇಳಿದು ಸುಳ್ಯ ಕಡೆ. ಮಳೆಗಾಲದಲ್ಲೂ ಓಡಿಸಲೇಬೇಕು.

ಡ್ರೈವಿಂಗ್ ಸ್ಕೂಲಲ್ಲಿ ಇರೋದು ಗೇರ್ ಕಾರು ಮಾತ್ರ. ಮನೆಯಲ್ಲಿ ತಗೋಬೇಕು ಅಂತಿರೋದು ಎಎಂಟಿ, ಅಂದ್ರೆ ಗೇರ್ ತಾನೇ ಬದಲಿಸೋ ಒಂದು ಥರದ ಆಟೋಮ್ಯಾಟಿಕ್. ಹಾಗಿದ್ದ ಮೇಲೆ ಕ್ಲಚ್ ಕಲಿಯೋಕೆ ಒಂದು ತಿಂಗಳು ಯಾಕೆ, ನೇರ ಆಟೋಮ್ಯಾಟಿಕ್‌ನಲ್ಲೇ ಕಲಿತರೆ ಆಗಲ್ವಾ? ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಕೊಟ್ಟರೆ ಲೈಸೆನ್ಸ್ ಅದಕ್ಕೆ ಮಾತ್ರ ಅಂತಾರಲ್ಲ, ನಿಜವಾ? ಏರಲ್ಲಿ ನಿಲ್ಲಿಸಿ ಹೊರಡೋವಾಗ ಹಿಂದಕ್ಕೆ ಜಾರೋದು ಯಾವುದರಲ್ಲಿ ಕಮ್ಮಿ? ಗೊತ್ತಿರೋರು ಬಿಡಿಸಿ ಹೇಳಿ.

ಸೆಕೆಂಡ್‌ಗೇರ್

ಲೈಸೆನ್ಸ್ ಮಾತು ಮೊದಲು ಮುಗಿಸಿಬಿಡೋಣ ಮೇಡಂ. ನಮ್ಮಲ್ಲಿ ಕಾರಿಗೆ ಕೊಡೋದು ಎಲ್‌ಎಂವಿ (ಹಗುರ ವಾಹನ) ಲೈಸೆನ್ಸ್. ಅದರಲ್ಲಿ ಗೇರ್ ಕಾರು, ಆಟೋಮ್ಯಾಟಿಕ್ ಕಾರು ಅಂತ ಭೇದ ಇಲ್ಲ. ಆ ಭೇದ ಇರೋದು ಸ್ಕೂಟರು, ಬೈಕಿಗೆ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್‌ನಲ್ಲಿ ಪಾಸಾದವರು ಗೇರ್ ಕಾರು ಓಡಿಸೋ ಹಾಗಿಲ್ಲ; ಆ ಮಾತನ್ನ ಯಾರೋ ಇಲ್ಲಿಗೆ ತಂದು ಅಂಟಿಸಿದ್ದಾರೆ. ಎಲ್‌ಎಲ್ 6 ತಿಂಗಳು ನಡೆಯುತ್ತೆ, 30 ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು. ಟೆಸ್ಟಲ್ಲಿ ಏನೇನು ನೋಡಬೇಕು ಅನ್ನೋದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿದೆ. ಕಡಿದಾದ ಏರಲ್ಲಿ ನಿಲ್ಲಿಸಿ ಹಿಂದೆ ಜಾರದೆ ಹೊರಡೋದು, ಇಳಿಜಾರಲ್ಲಿ ಚುರುಕಾಗಿ ಕೆಳಗಿನ ಗೇರಿಗೆ ಬರೋದು, ಎರಡೂ ಅದರಲ್ಲಿವೆ. ಬಯಲುಸೀಮೆಯವರಿಗೆ ಇದು ಟೆಸ್ಟಿನ ದಿನದ ಕಸರತ್ತು. ನಮಗೆ ಹಾಲು ತರೋಕೆ ಹೋದರೂ ಬೇಕು.

ನನ್ನ ಮಟ್ಟಿಗೆ ಗೇರ್ ಕಾರಲ್ಲೇ ಕಲಿತು ಆಮೇಲೆ ಎಎಂಟಿ ತಗೊಳ್ಳೋದು ವಾಸಿ. ಎಎಂಟಿ ಅಂದ್ರೆ ಬೇರೆ ಜಾತಿ ಅಲ್ಲ, ಅದೂ ಗೇರ್ ಕಾರೇ. ಒಳಗೆ ಅದೇ ಕ್ಲಚ್ ಪ್ಲೇಟು, ಅದೇ ಗೇರ್‌ಬಾಕ್ಸು. ನಿಮ್ಮ ಎಡಗಾಲಿನ ಕೆಲಸ, ಎಡಗೈ ಕೆಲಸ ಎರಡನ್ನೂ ಒಂದು ಆಕ್ಚುವೇಟರ್ (ಕಂಪ್ಯೂಟರ್ ಹೇಳಿದ ಹಾಗೆ ಕ್ಲಚ್, ಗೇರ್ ಸರಿಸೋ ಯಂತ್ರ) ಮಾಡುತ್ತೆ, ಅಷ್ಟೇ. ಏರಲ್ಲಿ ಆ ಕ್ಲಚ್ ಏನು ಪಾಡು ಪಡುತ್ತೆ ಅಂತ ಒಂದು ಸಲ ನಿಮ್ಮ ಕಾಲಿಗೆ ಗೊತ್ತಾಗಿದ್ರೆ ಎಎಂಟಿ ಕ್ಲಚ್ಚನ್ನ ನೀವು ಸುಡಲ್ಲ.

ಸ್ಕೂಲಿನವರು ಕನಿಷ್ಠ 21 ದಿನ ಕಲಿಸಬೇಕು, ಅದರಲ್ಲಿ 10 ಗಂಟೆ ಸ್ಟಿಯರಿಂಗ್ ನಿಮ್ಮ ಕೈಲಿರಬೇಕು ಅಂತ ನಿಯಮ. ಹಿಂದಿನ ಸೀಟಲ್ಲಿ ಕೂತು ಬೇರೆಯವರದ್ದು ನೋಡಿದ ಹೊತ್ತು ಇದಕ್ಕೆ ಸೇರಲ್ಲ. ಇನ್ನೊಂದು ಮೋಸ ಇದೆ: ಪಕ್ಕದಲ್ಲಿ ಕೂತವರ ಕಾಲಡಿಯಲ್ಲೂ ಕ್ಲಚ್ಚು, ಬ್ರೇಕು ಇರುತ್ತೆ. ಏರು ಬಂದ ಕೂಡಲೇ ಅವರೇ ಒತ್ತಿಬಿಡ್ತಾರೆ, ಕಾರು ಆಫ್ ಆಗಲಿಲ್ಲ ಅಂತ ನೀವು ಖುಷಿಪಡ್ತೀರಿ. 'ಕಾಲು ಹಿಂದಕ್ಕೆ ಇಟ್ಕೊಳ್ಳಿ ಸರ್' ಅಂತ ಸಂಕೋಚ ಬಿಟ್ಟು ಹೇಳಿ.

ಮೊದಲ ಎರಡು ಮೂರು ಗಂಟೆ ಸಮತಟ್ಟು ಜಾಗ ಬೇಕು, ಮಡಿಕೇರಿಯಲ್ಲಿ ಅದಕ್ಕೇ ಬರ. ಪರಿಚಯದವರ ತೋಟದ ಕಾಫಿ ಕಣ ಸಿಕ್ಕಿದ್ರೆ ಅದಕ್ಕಿಂತ ಒಳ್ಳೇದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಹರಡಿರುತ್ತೆ, ಉಳಿದ ಕಾಲ ಬಹುತೇಕ ಖಾಲಿ. ಮಳೆಗೆ ಪಾಚಿ ಕಟ್ಟಿದ್ರೆ ಮಾತ್ರ ಬೇಡ, ಸಿಮೆಂಟ್ ಕಣ ಸೋಪು ಹಚ್ಚಿದ ಹಾಗಿರುತ್ತೆ. ಅಲ್ಲಿ ಆಕ್ಸಿಲರೇಟರ್ ಮುಟ್ಟಲೇಬೇಡಿ. ಒಂದನೇ ಗೇರ್ ಹಾಕಿ, ಹಿಮ್ಮಡಿ ನೆಲಕ್ಕೆ ಊರಿ, ಕ್ಲಚ್ಚನ್ನ ಕೂದಲೆಳೆಯಷ್ಟೇ ಮೇಲೆ ಬಿಡ್ತಾ ಬನ್ನಿ. ಒಂದು ಕಡೆ ಎಂಜಿನ್ ಸದ್ದು ಇಳಿಯುತ್ತೆ, ಪೆಡಲ್ ಸಣ್ಣಗೆ ನಡುಗುತ್ತೆ, ಬಾನೆಟ್ ಒಂದಿಷ್ಟು ತಲೆ ಎತ್ತುತ್ತೆ. ಅದೇ ಕ್ಲಚ್ ಹಿಡಿಯೋ ಜಾಗ. ಅಲ್ಲೇ ಕಾಲು ನಿಲ್ಲಿಸಿ ಎರಡು ಸೆಕೆಂಡ್ ಕಾದ್ರೆ ಕಾರು ತಾನಾಗಿ ಹೊರಡುತ್ತೆ. ನಿಲ್ಲಿಸಿ ಮತ್ತೆ ಅದನ್ನೇ ಇಪ್ಪತ್ತು ಮೂವತ್ತು ಸಲ ಮಾಡಿ. ಬೇಜಾರಿನ ಕೆಲಸ, ಆದರೆ ಇದು ಕೂತರೆ ಅರ್ಧ ಡ್ರೈವಿಂಗ್ ಕೂತ ಹಾಗೆ.

ಆಮೇಲೆ ಸಣ್ಣ ಏರು. ಬ್ರೇಕ್ ಒತ್ತಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೀರಿ, ಕ್ಲಚ್ ಒತ್ತಿ ಒಂದನೇ ಗೇರ್ ಹಾಕಿ. ಈಗ ಬಲಗಾಲು ಬ್ರೇಕಿನಿಂದ ಆಕ್ಸಿಲರೇಟರಿಗೆ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತೋ ಲೆಕ್ಕ) 1,500ರಿಂದ 1,800ರ ಹತ್ತಿರ ನಿಲ್ಲಲಿ. ಅದನ್ನ ತೋರಿಸೋ ಮುಳ್ಳು ಇಲ್ಲದ ಕಾರಾದ್ರೆ ಸದ್ದು ಒಂದು ಹದಕ್ಕೆ ಏರಿದ್ರೆ ಸಾಕು. ಕ್ಲಚ್ಚನ್ನ ಹಿಡಿಯೋ ಜಾಗಕ್ಕೆ ತನ್ನಿ, ಬಾನೆಟ್ ತಲೆ ಎತ್ತಿತು ಅಂದಾಗ ಹ್ಯಾಂಡ್‌ಬ್ರೇಕ್ ಬಟನ್ ಒತ್ತಿ ಇಳಿಸಿ. ಕಾರು ಮುಂದಕ್ಕೆ ಸರಿದ ಮೇಲೇ ಕ್ಲಚ್ ಪೂರ್ತಿ ಬಿಡೋದು. ಎಲ್ಲರೂ ಕೆಡೋದು ಎಲ್ಲಿ ಅಂದ್ರೆ, ಹ್ಯಾಂಡ್‌ಬ್ರೇಕ್ ಇಳಿಸಿದ ಗಾಬರಿಗೆ ಎಡಗಾಲನ್ನೂ ಪಟ್ಟನೆ ಎತ್ತಿಬಿಡ್ತಾರೆ. ಎಂಜಿನ್ ಆಫ್, ಕಾರು ಹಿಂದಕ್ಕೆ.

ಜಾರಿತೋ ಇಲ್ವೋ ಅಂತ ತಿಳಿಯೋಕೆ ಹಿಂದಿನ ಚಕ್ರದಿಂದ ಒಂದು ಗೇಣು ಹಿಂದೆ ಒಣಗಿದ ಅಡಿಕೆ ಹಾಳೆ ಇಡಿ. ಚಕ್ರ ಮುಟ್ಟಿದ್ರೆ ಚರಕ್ ಅಂತ ಹೇಳಿಬಿಡುತ್ತೆ. ಸತತ ಹತ್ತು ಸಲ ಹಾಳೆ ಸದ್ದು ಮಾಡದಿದ್ರೆ ಬಸ್ ಸ್ಟ್ಯಾಂಡ್ ಏರಿಗೆ ಹೋಗಬಹುದು.

ಗ್ಯಾರೇಜ್_ಬದಿ

ಸೆಕೆಂಡ್‌ಗೇರ್ ಅಣ್ಣ ಹೇಳಿದ್ದು ಸರಿ. ನಾನು ಕೆಳಗಿನಿಂದ ನೋಡೋನು, ಹಾಗಾಗಿ ಯಾವ ಆಟೋಮ್ಯಾಟಿಕ್ ಯಾಕೆ ಕೆಡುತ್ತೆ ಅಂತ ಹೇಳ್ತೀನಿ. 'ಆಟೋಮ್ಯಾಟಿಕ್' ಅನ್ನೋ ಒಂದೇ ಹೆಸರಿನ ಕೆಳಗೆ ನಾಲ್ಕು ಬೇರೆ ಬೇರೆ ಯಂತ್ರ ಇದಾವೆ.

ನಿಮ್ಮ ಮನೆಯವರು ನೋಡ್ತಿರೋದು ಎಎಂಟಿ. ಮಾರುತಿಯವರು 2014ರಲ್ಲಿ ಸೆಲೆರಿಯೊಗೆ ಹಾಕಿದ ಮೇಲೆ ಸಣ್ಣ ಕಾರುಗಳಲ್ಲಿ ಇದೇ ಹಬ್ಬಿದ್ದು. ಅಗ್ಗ, ಮೈಲೇಜು ಗೇರ್ ಕಾರಿನಷ್ಟೇ. ಬ್ರೇಕ್ ಬಿಟ್ಟರೆ ಸಮತಟ್ಟಲ್ಲಿ ನಿಧಾನಕ್ಕೆ ತೆವಳುತ್ತೆ, ಅಷ್ಟು ನೋಡಿ ಏರಲ್ಲೂ ನಿಲ್ಲುತ್ತೆ ಅಂದ್ಕೊಳ್ತಾರೆ. ನಿಲ್ಲಲ್ಲ. ಕಡಿದಾದ ಕಡೆ ಹಿಂದಕ್ಕೇ ಬರುತ್ತೆ. ಹಿಲ್ ಹೋಲ್ಡ್ ಇರೋ ಮಾಡೆಲ್ ಆದ್ರೆ ಬ್ರೇಕ್ ಬಿಟ್ಟ ಮೇಲೆ ಸುಮಾರು 2 ಸೆಕೆಂಡ್ ಹಿಡಿಯುತ್ತೆ, ಅಷ್ಟರಲ್ಲಿ ಬಲಗಾಲು ಆಕ್ಸಿಲರೇಟರಿಗೆ ಹೋಗಿರಬೇಕು. ಕೊಡಗಿಗೆ ತಗೊಳ್ಳೋರು ಬಣ್ಣ, ಟಚ್ ಸ್ಕ್ರೀನ್ ಆಮೇಲೆ ನೋಡಿ, ಹಿಲ್ ಹೋಲ್ಡ್ ಇದ್ಯಾ ಅಂತ ಮೊದಲು ಕೇಳಿ.

ಎಎಂಟಿ ಸುಡೋದು ಒಂದೇ ತಪ್ಪಿಗೆ. ಏರಲ್ಲಿ ಸಾಲು ನಿಂತಿರುತ್ತೆ, ರಾಜಾಸೀಟ್ ಕಡೆ ವಾರಾಂತ್ಯದಲ್ಲಿ ನೋಡಿರ್ತೀರಿ. ಬ್ರೇಕ್ ಒತ್ತೋ ಬದಲು ಆಕ್ಸಿಲರೇಟರನ್ನ ಸಣ್ಣಗೆ ಒತ್ತಿ ಕಾರನ್ನ ನಿಂತಲ್ಲೇ ತೂಗಾಡಿಸ್ತಾರೆ. ಆಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತೆ. ಒಂದೆರಡು ನಿಮಿಷಕ್ಕೆ ಸುಟ್ಟ ವಾಸನೆ, ಮೀಟರಲ್ಲಿ ಎಚ್ಚರಿಕೆ, ಇನ್ನೂ ಮುಂದುವರಿಸಿದ್ರೆ ಕಾರು ಮುಂದೆ ಹೋಗೋಕೇ ಒಪ್ಪಲ್ಲ. ಗೇರ್ ಕಾರಲ್ಲಿ ಹಾಫ್ ಕ್ಲಚ್ಚಲ್ಲಿ ನಿಲ್ಲಿಸೋರು ಮಾಡೋದೂ ಇದನ್ನೇ, ಆದರೆ ಅವರ ಕಾಲಿಗೆ ಗೊತ್ತಾಗುತ್ತೆ. ನಿಂತರೆ ಬ್ರೇಕ್. ಅರ್ಧ ನಿಮಿಷಕ್ಕಿಂತ ಹೆಚ್ಚಾದ್ರೆ ಎನ್‌ಗೆ (ನ್ಯೂಟ್ರಲ್) ಹಾಕಿ ಹ್ಯಾಂಡ್‌ಬ್ರೇಕ್. ಕ್ಲಚ್ ಬದಲಿಸಬೇಕಾಗಿ ಬಂದ್ರೆ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಒಟ್ಟಿಗೆ ಹಾಕಿಸಿ. ಆಮೇಲೆ ಸ್ಕ್ಯಾನರ್ ಹಾಕಿ ಹೊಸ ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ ಕಂಪ್ಯೂಟರಿಗೆ ಕಲಿಸಬೇಕು. ಆ ಕೆಲಸ ಬಿಟ್ಟು ಗಾಡಿ ಕೊಟ್ಟರೆ ಹೊಸ ಕ್ಲಚ್ಚಲ್ಲೂ ಜಗ್ಗುತ್ತೆ.

ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರೋದು ಎಣ್ಣೆ, ಸುಡೋಕೆ ಆ ಥರದ ಪ್ಲೇಟು ಇಲ್ಲ. ಏರಲ್ಲಿ ಮೆತ್ತಗೆ ಹೊರಡುತ್ತೆ. ನಮ್ಮ ರಸ್ತೆಗೆ ನನ್ನ ಓಟು ಇದಕ್ಕೇ, ದುಡ್ಡು ಜಾಸ್ತಿ ಅನ್ನೋದು ಬೇರೆ ಮಾತು. ಸಿವಿಟಿ ಬೆಲ್ಟಿನದು, ಹೊಯ್ದಾಟವೇ ಇಲ್ಲ, ಆದರೆ ಘಾಟಿ ಹತ್ತೋವಾಗ ಸದ್ದು ಜಾಸ್ತಿ ವೇಗ ಕಮ್ಮಿ ಅನ್ನಿಸುತ್ತೆ. ಡಿಸಿಟಿ ಎರಡು ಕ್ಲಚ್ಚಿನದು, ಚುರುಕು, ಅದರಲ್ಲಿ ಒಣ ಕ್ಲಚ್ಚಿನದಾದ್ರೆ ಏರಿನ ಜಾಮಲ್ಲಿ ಇಂಚಿಂಚೇ ಸರಿದರೆ ಬಿಸಿಯಾಗುತ್ತೆ. ಮುಂದಿನ ಗಾಡಿ ಎರಡು ಕಾರಿನಷ್ಟು ದೂರ ಹೋಗಲಿ, ಆಮೇಲೆ ಒಂದೇ ಸಲ ಹೊರಡಿ.

ಇನ್ನೊಂದು ಲೆಕ್ಕ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು ಶೇ. 1ರಷ್ಟು ಶಕ್ತಿ ಕಳಕೊಳ್ಳುತ್ತೆ. ಮಡಿಕೇರಿ ಇರೋದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಂದ್ರೆ ಹತ್ತರಲ್ಲಿ ಒಂದು ಪಾಲು ಇಲ್ಲೇ ಹೋಯ್ತು. ಐದು ಜನ, ಎಸಿ, ಡಿಕ್ಕಿ ತುಂಬಾ ಸಾಮಾನು ಹಾಕ್ಕೊಂಡು 1 ಲೀಟರ್ ಎಂಜಿನ್ ಏರಲ್ಲಿ ಎರಡನೇ ಗೇರಲ್ಲಿ ಉಸಿರು ಬಿಟ್ಟರೆ ಅದರ ತಪ್ಪಲ್ಲ. ಎಸಿ ಆಫ್ ಮಾಡಿ ಒಂದನೇ ಗೇರಿಗೆ ಬನ್ನಿ.

ಬಲಗಾಲು_ಕೆಎ12

ಮೇಲಿನ ಇಬ್ಬರ ತಾಂತ್ರಿಕ ವಿವರಗಳಲ್ಲಿ ನನಗೆ ತಕರಾರಿಲ್ಲ. 'ಮೊದಲು ಗೇರ್ ಕಾರು' ಎಂಬ ತೀರ್ಪಿನಲ್ಲಿ ಇದೆ. ಮನೆಗೆ ಬರುವುದು ಎಎಂಟಿ ಎಂದು ಗಟ್ಟಿಯಾಗಿದ್ದರೆ ನೇರ ಅದರಲ್ಲೇ ಕಲಿಯಬಹುದು. ಹೊಸಬರ ಮೊದಲ ಹತ್ತು ಗಂಟೆಯ ಗಮನವೆಲ್ಲ ಕ್ಲಚ್ ಮೇಲೆ ಇರುತ್ತದೆ. ಕಣ್ಣು ಗೇರ್ ಹಿಡಿಯ ಮೇಲೆ. ನಮ್ಮ ರಸ್ತೆಗಳಲ್ಲಿ ನಿಜವಾಗಿ ಕಲಿಯಬೇಕಾದದ್ದು ಎಡಬದಿಯ ಚರಂಡಿಗೆ ಎಷ್ಟು ಜಾಗ ಉಳಿದಿದೆ, ತಿರುವಿನಲ್ಲಿ ಬರುವ ಬಸ್ಸಿನ ಹಿಂಭಾಗ ಎಷ್ಟು ಅಗಲಕ್ಕೆ ಬೀಸುತ್ತದೆ, ಮಂಜಿನಲ್ಲಿ ಎಷ್ಟು ದೂರ ಕಾಣುತ್ತಿದೆ ಎಂಬುದು. ಆಟೋಮ್ಯಾಟಿಕ್‌ನಲ್ಲಿ ಮೊದಲ ಗಂಟೆಯಿಂದಲೇ ತಲೆ ಎತ್ತಿ ರಸ್ತೆ ನೋಡಬಹುದು.

ಗೇರ್ ಕಾರಿನಿಂದ ಬಂದವರಿಗೆ ಎಎಂಟಿಯಲ್ಲಿ ಒಂದು ಅಪಾಯವೂ ಇದೆ. ನಿಲ್ಲಿಸಬೇಕೆನಿಸಿದಾಗ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿ ಬ್ರೇಕಿನ ಅಗಲ ಪೆಡಲನ್ನೇ ಪೂರ್ತಿ ತುಳಿಯುತ್ತದೆ. ಕಾರು ಇದ್ದಲ್ಲೇ ಕಚ್ಚಿ ನಿಲ್ಲುತ್ತದೆ, ಹಿಂದೆ ಮರದ ಲಾರಿ ಇದ್ದರೆ ಮುಗಿಯಿತು. ಆದ್ದರಿಂದ ಯಾವುದರಲ್ಲಿ ಕಲಿತರೂ ನಾಲ್ಕೈದು ಗಂಟೆ ಎಎಂಟಿಗೆಂದೇ ಮೀಸಲಿಡಿ. ಎಡಗಾಲನ್ನು ಪಕ್ಕದ ಫುಟ್‌ರೆಸ್ಟ್ ಮೇಲೆ ಇಟ್ಟು ಮರೆತುಬಿಡಬೇಕು. ಬಲಗಾಲಿನ ಹಿಮ್ಮಡಿ ಬ್ರೇಕಿನ ನೇರಕ್ಕೆ ನೆಲದಲ್ಲಿ ಊರಿರಲಿ. ಆಕ್ಸಿಲರೇಟರಿಗೆ ಬೆರಳ ಭಾಗ ಮಾತ್ರ ಹೊರಳಲಿ. ಆಟೋಮ್ಯಾಟಿಕ್ ಕಾರು ಗೋಡೆಗೆ ನುಗ್ಗುವುದು ಬಹುತೇಕ ರಿವರ್ಸ್‌ನಲ್ಲಿ: ಹಿಂದೆ ನೋಡಲು ಮೈ ತಿರುಗಿಸಿದಾಗ ಕಾಲೂ ಸರಿದಿರುತ್ತದೆ, ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿಯುತ್ತಾರೆ, ಕಾರು ನಿಲ್ಲಲಿಲ್ಲವೆಂದು ಇನ್ನೂ ಜೋರಾಗಿ ತುಳಿಯುತ್ತಾರೆ. ಗೇರ್ ಕಾರಿನಲ್ಲಾದರೆ ಎಡಗಾಲು ಕ್ಲಚ್ ಒತ್ತಿ ಎಂಜಿನ್ನನ್ನು ಬಿಡಿಸಿಬಿಡುತ್ತದೆ, ಇಲ್ಲಿ ಆ ರಕ್ಷಣೆ ಇಲ್ಲ. ಮೊದಲ ಎರಡು ಗಂಟೆ ಆಕ್ಸಿಲರೇಟರ್ ಮುಟ್ಟದೆ, ಕಾರು ತೆವಳುವ ವೇಗದಲ್ಲೇ ಮುಂದೆ ಹಿಂದೆ ಓಡಾಡಿಸಿ ಬ್ರೇಕಿನಿಂದಲೇ ವೇಗ ಹಿಡಿಯುವುದನ್ನು ಕಲಿಯಿರಿ.

ಸ್ವಂತ ಕಾರಿನಲ್ಲಿ ಕಲಿಯುವಾಗ ಲೈಸೆನ್ಸ್ ಇರುವವರು ಪಕ್ಕದಲ್ಲಿರಬೇಕು, ಎಲ್ ಬೋರ್ಡ್ ಮುಂದೆ ಹಿಂದೆ ಎರಡೂ ಕಡೆ ಬೇಕು. ಬಿಳಿ ಹಿನ್ನೆಲೆಗೆ ಕೆಂಪು ಅಕ್ಷರ, ಫಲಕ 18 ಸೆಂ.ಮೀ. ಚೌಕಕ್ಕೆ ಕಡಿಮೆ ಇರಬಾರದು, ಅಕ್ಷರದ ಎತ್ತರ 10 ಸೆಂ.ಮೀ. ಸೀಟಿನ ನಡುವೆ ಕೈಯಿಂದ ಎಳೆಯುವ ಹ್ಯಾಂಡ್‌ಬ್ರೇಕ್ ಇರುವ ಕಾರಾದರೆ ಪಕ್ಕದವರ ಕೈಗೂ ಸಿಗುತ್ತದೆ.

ಎಲ್‌ಬೋರ್ಡ್_ಮಡಿಕೇರಿ

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ತುಂಬಾ ಉಪಕಾರ ಆಯ್ತು. ಸ್ಕೂಲಿಗೆ ಸೇರೋದು ಅಂತ ಮಾಡಿದೆ, ಆದರೆ ಬಲಗಾಲು ಸರ್ ಹೇಳಿದ ಹಾಗೆ ಐದು ಗಂಟೆ ಎಎಂಟಿಗೂ ಇಡ್ತೀನಿ. ಇನ್ನೆರಡು ಸಂಶಯ. ಸಂಪಾಜೆ ಕಡೆ ಇಳಿಯೋವಾಗ ಎಎಂಟಿ ಡಿಯಲ್ಲಿ (ಡ್ರೈವ್) ಬಿಟ್ಟರೆ ಸಾಕಾ? ಏರಲ್ಲಿ ಪಾರ್ಕ್ ಮಾಡೋಕೆ ಅದರಲ್ಲಿ ಪಿ (ಪಾರ್ಕ್) ಅನ್ನೋದೇ ಇಲ್ವಲ್ಲ, ಏನು ಮಾಡೋದು?

ಸೆಕೆಂಡ್‌ಗೇರ್

ಡಿಯಲ್ಲಿ ಬಿಟ್ಟು ಇಳಿಯಬೇಡಿ. ಆಕ್ಸಿಲರೇಟರಿಂದ ಕಾಲು ತೆಗೆದ್ರೆ 'ಇವರಿಗೆ ಶಕ್ತಿ ಬೇಡ' ಅಂತ ಅದು ಮೇಲಿನ ಗೇರಿಗೆ ಹೋಗಿಬಿಡುತ್ತೆ, ಕಾರು ಓಡೋಕೆ ಶುರು ಮಾಡುತ್ತೆ, ಇಡೀ ಭಾರ ಬ್ರೇಕ್ ಮೇಲೆ. ಎಂ (ಗೇರ್ ನಾವೇ ಬದಲಿಸೋ ಜಾಗ) ಕಡೆಗೆ ತಳ್ಳಿ, ಇಳಿಜಾರು ಶುರುವಾಗೋ ಮೊದಲೇ ಗೇರ್ ಇಳಿಸಿ. ಘಾಟಿಯಲ್ಲಿ ಹೆಚ್ಚಿನ ಕಡೆ ಮೂರು ಸಾಕು, ಕಡಿದಾದ ತಿರುವಿಗೆ ಎರಡು. ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರ್, ಹಳೇ ಬಸ್ ಡ್ರೈವರುಗಳ ಲೆಕ್ಕ, ಇವತ್ತಿಗೂ ತಪ್ಪಿಲ್ಲ. ಇಳಿಜಾರಿನ ಮಧ್ಯೆ ಜೋರಾಗಿ ಓಡ್ತಿರೋವಾಗ ಎರಡಕ್ಕೆ ಇಳಿಸಿದ್ರೆ ಕಂಪ್ಯೂಟರ್ ಒಪ್ಪಲ್ಲ, ಎಂಜಿನ್ ಸುತ್ತು ಮಿತಿ ಮೀರುತ್ತೆ ಅಂತ ಹಾಗೇ ಇಟ್ಕೊಳ್ಳುತ್ತೆ. ಬ್ರೇಕ್ ಒತ್ತಿ ವೇಗ ಇಳಿಸಿ ಮತ್ತೆ ಕೇಳಿ. ಸಿವಿಟಿಯವರಿಗೆ ಎಸ್ (ಸ್ಪೋರ್ಟ್) ಇಲ್ಲಾ ಎಲ್ (ಲೋ), ಟಾರ್ಕ್ ಕನ್ವರ್ಟರ್‌ನವರಿಗೆ ಎಲ್, 2 ಇಲ್ಲಾ ಎಂ.

ಬ್ರೇಕನ್ನ ಇಡೀ ದಾರಿ ಸಣ್ಣಗೆ ಒತ್ತಿಕೊಂಡೇ ಇಳಿಯೋದು ಕೆಟ್ಟ ಅಭ್ಯಾಸ. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಡಿಸ್ಕಿಗೆ ಗಾಳಿ ಆಡಲಿ. 1,200 ಕೆಜಿ ಕಾರು 1,000 ಮೀಟರ್ ಕೆಳಗಿಳಿದ್ರೆ ಕಳಕೊಳ್ಳೋ ಶಕ್ತಿ 3 ಯೂನಿಟ್ ಕರೆಂಟಿಗಿಂತ ಸ್ವಲ್ಪ ಹೆಚ್ಚು. ಎಂಜಿನ್ ಹಿಡಿತಕ್ಕೆ ಕೊಡದಿದ್ರೆ ಅದರಲ್ಲಿ ಬಹುಪಾಲು ನಾಲ್ಕು ಚಕ್ರದ ಬ್ರೇಕಲ್ಲಿ ಬೆಂಕಿಯಾಗಿ ಹೋಗಬೇಕು. ಪೆಡಲ್ ಮೆತ್ತಗಾಗಿ ಆಳಕ್ಕೆ ಹೋಗ್ತಿದೆ ಅಂದ್ರೆ ಬ್ರೇಕ್ ಎಣ್ಣೆ ಕುದ್ದಿದೆ. ಪೆಡಲ್ ಗಟ್ಟಿ ಇದ್ದೂ ಕಾರು ನಿಲ್ತಿಲ್ಲ ಅಂದ್ರೆ ಪ್ಯಾಡ್ ಬಿಸಿಯಾಗಿ ಜಾರ್ತಿದೆ. ಎರಡರಲ್ಲೂ ಕೆಳಗಿನ ಗೇರಿಗೆ ಬಂದು, ಅಗಲ ಇರೋ ಕಡೆ ಬದಿಗೆ ನಿಲ್ಲಿಸಿ 20 ನಿಮಿಷ ಆರಲು ಬಿಡಿ. ನೀರು ಹೊಯ್ಯಬೇಡಿ, ಡಿಸ್ಕ್ ಸೊಟ್ಟಗಾಗುತ್ತೆ.

ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್‌ನಲ್ಲಿ ಇಳಿಯೋರು ಇನ್ನೂ ಇದಾರೆ. ಈಗಿನ ಎಂಜಿನ್ ಗೇರಲ್ಲಿ ಇದ್ದು ಕಾಲು ತೆಗೆದಾಗ ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತೆ. ನ್ಯೂಟ್ರಲ್‌ಗೆ ಹಾಕಿದ್ರೇ ಆಫ್ ಆಗದಿರೋಕೆ ಕುಡಿಯುತ್ತೆ. ಎಂಜಿನ್ನೇ ಆಫ್ ಮಾಡಿ ಇಳಿದ್ರಂತೂ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಬೂಸ್ಟರಲ್ಲಿ ಉಳಿದಿದ್ದ ವ್ಯಾಕ್ಯೂಮ್ ಮುಗಿದು ಪೆಡಲ್ ಕಲ್ಲಾಗುತ್ತೆ, ಸ್ಟಿಯರಿಂಗೂ ಭಾರ.

ಹತ್ತೋವಾಗ ಎಎಂಟಿಯ ಇನ್ನೊಂದು ಚಾಳಿ: ತಿರುವಿನ ನಟ್ಟನಡುವೆ ಗೇರ್ ಬದಲಿಸಿ ಒಂದು ಕ್ಷಣ ಉಸಿರು ಹಿಡಿಯುತ್ತೆ. ಹೇರ್‌ಪಿನ್ ತಿರುವಿಗೆ ಮೊದಲೇ ಎಂ, ಎರಡು, ಹಾರನ್, ಆಮೇಲೆ ಸ್ಟಿಯರಿಂಗ್. ರಸ್ತೆ ಕಿರಿದಾಗಿದ್ದು ಎದುರಿಂದ ಹತ್ತಿ ಬರ್ತಿದ್ರೆ ಇಳಿಯೋರೇ ನಿಂತು ದಾರಿ ಬಿಡಬೇಕು, 2017ರ ಚಾಲನಾ ನಿಯಮಾವಳಿಯಲ್ಲೂ ಇದೆ. ಟೂರಿಸ್ಟ್ ಗಾಡಿಗಳಿಗೆ ಇದು ಗೊತ್ತಿರಲ್ಲ, ಜಗಳಕ್ಕೆ ಹೋಗಬೇಡಿ.

ಗ್ಯಾರೇಜ್_ಬದಿ

ಪಾರ್ಕಿಂಗ್ ನಾನು ಹೇಳ್ತೀನಿ. ಪಿ ಇಲ್ಲದ ಎಎಂಟಿ ಗೇರಲ್ಲೇ ನಿಲ್ಲೋದು. ಬ್ರೇಕ್ ಒತ್ತಿ, ಎನ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೀರಿ. ಈಗ ಕಾಲುಬ್ರೇಕ್ ಮೆಲ್ಲಗೆ ಬಿಡಿ, ಕಾರಿನ ಭಾರ ಹ್ಯಾಂಡ್‌ಬ್ರೇಕ್ ಮೇಲೆ ಕೂರಲಿ. ಮತ್ತೆ ಕಾಲುಬ್ರೇಕ್ ಒತ್ತಿ, ಮೂತಿ ಏರಿನ ಕಡೆ ಇದ್ರೆ ಡಿ, ಇಳಿಜಾರಿನ ಕಡೆ ಇದ್ರೆ ಆರ್ (ರಿವರ್ಸ್). ಮೀಟರಲ್ಲಿ ಆ ಗೇರ್ ಕಂಡ ಮೇಲೆ ಎಂಜಿನ್ ಆಫ್, ಕೊನೆಗೆ ಕಾಲು ತೆಗೀರಿ. ಪಿ ಇರೋ ಕಾರಲ್ಲೂ ಹ್ಯಾಂಡ್‌ಬ್ರೇಕ್ ಮೊದಲು, ಪಿ ಆಮೇಲೆ. ತಿರುಗಾ ಮುರುಗಾ ಮಾಡಿದ್ರೆ ಇಡೀ ಕಾರು ಗೇರ್‌ಬಾಕ್ಸಿನೊಳಗೆ ಬೆರಳಷ್ಟು ದಪ್ಪದ ಒಂದು ಕೊಕ್ಕೆ ಮೇಲೆ ನೇತಾಡುತ್ತೆ, ಬೆಳಿಗ್ಗೆ ಪಿಯಿಂದ ತೆಗೆಯೋವಾಗ ಟಕ್ ಅನ್ನೋದು ಅದೇ. ಮುಂದಿನ ಚಕ್ರ ಬರೆ (ರಸ್ತೆ ಬದಿಯ ಮಣ್ಣಿನ ಗೋಡೆ) ಕಡೆಗೆ ತಿರುಗಿಸಿ ನಿಲ್ಲಿಸಿ, ಜಾರಿದ್ರೂ ಬರೆಗೆ ಒರಗಲಿ. ಚಕ್ರಕ್ಕೆ ಕಲ್ಲು ಕೊಡೋದು ಒಳ್ಳೇದೇ, ಹೊರಡೋವಾಗ ಆ ಕಲ್ಲನ್ನ ರಸ್ತೆ ಮಧ್ಯ ಬಿಟ್ಟು ಹೋಗಬೇಡಿ.

ಗೇರಲ್ಲಿ ನಿಲ್ಲಿಸಿದ ಎಎಂಟಿಗೆ ಒಂದು ತೊಂದರೆ ಇದೆ. ಬ್ಯಾಟರಿ ಸತ್ತರೆ ಅದು ಗೇರಲ್ಲೇ ಸಿಕ್ಕಿಕೊಳ್ಳುತ್ತೆ, ನ್ಯೂಟ್ರಲ್ ಮಾಡೋ ಆಕ್ಚುವೇಟರಿಗೂ ಕರೆಂಟ್ ಬೇಕಲ್ಲ. ತಳ್ಳಿ ಸ್ಟಾರ್ಟ್ ಮಾಡೋದು ಎಎಂಟಿಗೂ ಇಲ್ಲ, ಬೇರೆ ಆಟೋಮ್ಯಾಟಿಕ್‌ಗೂ ಇಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರಿಗೆ ಇದು ಮಾಮೂಲಿ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಡಿಕ್ಕಿಯಲ್ಲಿ ಜಂಪರ್ ಕೇಬಲ್ ಇಟ್ಕೊಳ್ಳಿ. ಕೆಂಪು ವೈರ್ ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಒಳ್ಳೆ ಬ್ಯಾಟರಿಯ ಮೈನಸ್‌ಗೆ, ಕೊನೇ ತುದಿ ಸತ್ತ ಕಾರಿನ ಎಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣಕ್ಕೆ, ಬ್ಯಾಟರಿಗಲ್ಲ. ಕೆಟ್ಟು ನಿಂತ ಸಿವಿಟಿ, ಟಾರ್ಕ್ ಕನ್ವರ್ಟರ್ ಕಾರನ್ನ ಹಗ್ಗ ಕಟ್ಟಿ ಜೀಪಲ್ಲಿ ಎಳೆಯೋದು ಬೇಡವೇ ಬೇಡ. ಮುಂದಿನ ಚಕ್ರ ತಿರುಗಿದ್ರೆ ಒಳಗೆ ಎಣ್ಣೆ ಹರಿಯದೆ ಬಾಕ್ಸ್ ಹೋಗುತ್ತೆ. ಮುಂದಿನ ಚಕ್ರ ಎತ್ತಬೇಕು, ಇಲ್ಲಾ ಗಾಡಿ ಮೇಲೇ ಹಾಕಬೇಕು.

ಬ್ರೇಕ್ ಎಣ್ಣೆ ಮಾತು ಬಂತಲ್ಲ, ಅದು ಗಾಳಿಯ ನೀರು ಹೀರುತ್ತೆ. ಡಾಟ್ 3 ದರ್ಜೆಯ ಎಣ್ಣೆ ಹೊಸತಿದ್ದಾಗ ಕುದಿಯೋದು ಕನಿಷ್ಠ 205 ಡಿಗ್ರಿಗೆ, ನೀರು ಸೇರಿದ್ರೆ 140ರ ಆಸುಪಾಸಿಗೆ ಇಳಿಯುತ್ತೆ. ಡಾಟ್ 4 ಆದ್ರೆ 230 ಮತ್ತು 155. ನಮ್ಮ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಡಬ್ಬಿಯಲ್ಲಿ ಮೇಲಿನ ಗೆರೆವರೆಗೆ ಇದೆ ಅಂತ ಬಿಡೋದಲ್ಲ, ಎಣ್ಣೆ ಟೀ ಬಣ್ಣಕ್ಕೆ ಬಂದಿದ್ರೆ ತೆಗೆಸಿ. ಟೈರಿನ ಗೀರಿನ ಆಳ ಕಾನೂನಿಗೆ 1.6 ಮಿ.ಮೀ. ಇದ್ರೆ ಸಾಕು, ಜೂನ್ ಮಳೆಗೆ 3 ಮಿ.ಮೀ.ಗಿಂತ ಕಮ್ಮಿ ಇಟ್ಕೊಂಡು ಹೋಗಬೇಡಿ.

ಕರೆಂಟ್‌ಗಾಡಿ

ಯಾರೂ ಎಲೆಕ್ಟ್ರಿಕ್ ಕಾರಿನ ಹೆಸರೇ ಎತ್ತಲಿಲ್ಲ. ಅದಕ್ಕೆ ಕ್ಲಚ್ಚೂ ಇಲ್ಲ, ಗೇರ್ ಬದಲಿಸೋದೂ ಇಲ್ಲ, ಏರಲ್ಲಿ ಹೊರಡೋಕೆ ಅದಕ್ಕಿಂತ ಸಲೀಸು ಇನ್ನೊಂದಿಲ್ಲ. ಇಳಿಯೋವಾಗ ಮೋಟರೇ ಬ್ರೇಕ್ ಹಿಡಿದು ಕರೆಂಟ್ ವಾಪಸ್ ಕೊಡುತ್ತೆ, ಸೆಕೆಂಡ್‌ಗೇರ್ ಅಣ್ಣ ಹೇಳಿದ 3 ಯೂನಿಟ್ಟಿನಲ್ಲಿ ಒಂದು ಒಳ್ಳೇ ಪಾಲು ಬ್ಯಾಟರಿಗೆ ಬರುತ್ತೆ. ಒಂದೇ ಎಚ್ಚರಿಕೆ: ಮಡಿಕೇರಿಯಲ್ಲಿ 100 ತುಂಬಿಸಿಕೊಂಡು ನೇರ ಘಾಟಿ ಇಳಿದ್ರೆ ಬ್ಯಾಟರಿಯಲ್ಲಿ ಜಾಗ ಇರಲ್ಲ, ಆ ಹಿಡಿತ ಮೊದಮೊದಲು ಸಿಗಲ್ಲ. 85, 90ಕ್ಕೆ ನಿಲ್ಲಿಸಿ ಹೊರಡಿ.

ಬಲಗಾಲು_ಕೆಎ12

ತಿತಿಮತಿ, ಆನೆಚೌಕೂರು ಕಡೆ ಹೋಗುವವರಿಗೆ ಒಂದು ಸೇರಿಸುತ್ತೇನೆ. ರಸ್ತೆಗೆ ಆನೆ ಬಂದಾಗ ಎಎಂಟಿಯನ್ನು ಡಿಯಿಂದ ಆರ್‌ಗೆ ಎಳೆದ ಕೂಡಲೇ ಅದು ಹಿಂದೆ ಹೊರಡುವುದಿಲ್ಲ. ಕಾರು ಪೂರ್ತಿ ನಿಂತಿರಬೇಕು, ಬ್ರೇಕ್ ಒತ್ತಿರಬೇಕು, ಮೀಟರಿನಲ್ಲಿ ಆರ್ ಕಾಣಲು ಒಂದೆರಡು ಸೆಕೆಂಡ್ ಹಿಡಿಯುತ್ತದೆ. ಅದಕ್ಕೆ ಮೊದಲೇ ಆಕ್ಸಿಲರೇಟರ್ ತುಳಿದರೆ ಬರೀ ಸದ್ದು, ಆ ಸದ್ದು ಆನೆಗೆ ಬೇಡ. ಈ ಬದಲಾವಣೆಯನ್ನು ಮೀಟರ್ ನೋಡಿಕೊಂಡು ಐವತ್ತು ಸಲ ಮನೆಯಂಗಳದಲ್ಲೇ ಮಾಡಿ.

ಎಲ್‌ಬೋರ್ಡ್_ಮಡಿಕೇರಿ

ಕೊನೇ ಪ್ರಶ್ನೆ, ಬೈಬೇಡಿ. ಗೇಟಿನ ಆ ಏರು ಕಾಂಕ್ರೀಟ್. ಸ್ಕೂಲ್ ಕಾರು ಒಂದನೇ ಗೇರಲ್ಲಿ ಮೇಲಿನ ತಿರುವಿಗೆ ಬಂದು ಚಕ್ರ ಸುಮ್ಮನೆ ಸುತ್ತುತ್ತೆ, ಮುಂದೆ ಹೋಗಲ್ಲ. ಎಎಂಟಿ ಆದ್ರೂ ಹೀಗೇನಾ?

ಗ್ಯಾರೇಜ್_ಬದಿ

ಹೀಗೇ. ಇದು ಗೇರಿನ ದೋಷ ಅಲ್ಲ ಮೇಡಂ. ಈ ಕಾರುಗಳಲ್ಲಿ ಎಳೆಯೋದು ಮುಂದಿನ ಚಕ್ರ. ಮೂತಿ ಮೇಲೆ ಮಾಡಿ ಏರು ಹತ್ತೋವಾಗ ಭಾರ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಗುರ ಆಗುತ್ತೆ, ಅದರ ಮೇಲೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದ್ರೆ ಒಳಗಡೆ ಚಕ್ರಕ್ಕೆ ಹಿಡಿತವೇ ಇರಲ್ಲ. ಪಾಚಿ ಸೇರಿದ್ರೆ ಮುಗೀತು. ಆಕ್ಸಿಲರೇಟರ್ ಜಾಸ್ತಿ ಒತ್ತಿದಷ್ಟೂ ಸುತ್ತುತ್ತೆ, ಕಮ್ಮಿ ಮಾಡಿ.

ಒಂದು ಸಲ ರಿವರ್ಸಲ್ಲಿ ಹತ್ತಿಸಿ ನೋಡಿ. ಆಗ ಎಂಜಿನ್ ಕೆಳಗಡೆ, ಭಾರ ಎಳೆಯೋ ಚಕ್ರದ ಮೇಲೇ ಕೂರುತ್ತೆ, ಹಿಡಿತ ಬೇರೆನೇ ಇರುತ್ತೆ. ರಿವರ್ಸ್ ಗೇರಿನ ಬಲ ಹೆಚ್ಚುಕಮ್ಮಿ ಒಂದನೇ ಗೇರಷ್ಟೇ ಇರುತ್ತೆ. ಬೆಳಿಗ್ಗೆ ಹೊರಡೋವಾಗ ಮೂತಿ ರಸ್ತೆ ಕಡೆ ಇರೋದೂ ಲಾಭ. ಹಾಫ್ ಕ್ಲಚ್ಚಲ್ಲೇ ಇಡೀ ಏರು ಹತ್ತಿಸಬೇಡಿ. ಹೊರಟ ಕೂಡಲೇ ಕ್ಲಚ್ ಪೂರ್ತಿ ಬಿಡಿ, ಆ ವೇಗದಲ್ಲೇ ಹೋಗಲಿ. ಎಎಂಟಿಯಲ್ಲಿ ನಡುವೆ ನಿಲ್ಲಿಸದೆ ಒಂದೇ ಉಸಿರಿಗೆ ಹತ್ತಿಸಿ. ಅದಕ್ಕೂ ಮೊದಲು ಕಾಂಕ್ರೀಟಿಗೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜಿಸಿ. ಮುಂದೆ ಯಾವಾಗಲಾದ್ರೂ ಕೆಲಸದವರು ಬಂದ್ರೆ ಅಡ್ಡಡ್ಡ ಗೀರು ಹಾಕಿಸಿ, ಅರ್ಧ ಇಂಚು ಆಳ, ಒಂದೊಂದು ಗೇಣಿಗೆ. ಗೀರು ಒಂದಿಷ್ಟು ಓರೆ ಇರಲಿ, ನೀರು ನಿಲ್ಲದೆ ಬದಿಯ ಚರಂಡಿಗೆ ಹೋಗಬೇಕು.